ಏಳನೇ ಗುಳಿ

ನಾನು ಒಂದು ಪಡ್ಡಿನ ಹಂಚು. ಎರಕದ ಕಬ್ಬಿಣದ ಮೈ, ಏಳು ಗುಳಿ, ಹಿಡಿಯಲು ಒಂದು ಮೊಂಡು ಕಿವಿ, ಇಷ್ಟೇ ನನ್ನ ಆಸ್ತಿ. ನನ್ನಲ್ಲಿ ಬೇಯುವುದನ್ನು ನಮ್ಮ ಗದಗಿನ ಕಡೆ ಪಡ್ಡು ಎನ್ನುತ್ತಾರೆ, ಮೈಸೂರಿನ ಕಡೆ ಗುಳಿಯಪ್ಪ ಎನ್ನುತ್ತಾರಂತೆ. ಹೆಸರು ಏನಾದರೂ ಇಟ್ಟುಕೊಳ್ಳಿ, ಎಣ್ಣೆ ಮಾತ್ರ ಕಡಿಮೆ ಮಾಡಬೇಡಿ!

ಹುಟ್ಟಿದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ. ಕೆಂಪಗೆ ಕುದಿಯುವ ಕಬ್ಬಿಣದ ರಸವಾಗಿ ಮರಳಿನ ಅಚ್ಚಿನೊಳಗೆ ಧುಮುಕಿದ ಆ ಗಳಿಗೆಯನ್ನು ನೆನೆದರೆ ಈಗಲೂ ಮೈ ಕಾದಂತಾಗುತ್ತದೆ. ಆದರೆ ಅದೇ ಗಳಿಗೆಯಲ್ಲಿ ಅಚ್ಚಿನ ಒಂದು ಮೂಲೆಯಿಂದ ಚಿಟಿಕೆ ಮರಳು ಉದುರಿತು. ಆರಿದ ಮೇಲೆ ನೋಡಿದರೆ ಆರು ಗುಳಿ ನುಣ್ಣಗೆ, ಕಿವಿಯ ಪಕ್ಕದ ಏಳನೆಯದು ಮಾತ್ರ ಬೆಕ್ಕಿನ ನಾಲಿಗೆಯ ಹಾಗೆ ತರಿತರಿ. ಕೆಲಸಗಾರ ಬೆರಳಾಡಿಸಿ ನೋಡಿ, "ಆರು ನೆಟ್ಟಗ ಅದಾವಲ್ಲ, ನಡೀತೈತಿ ಬಿಡು" ಎಂದು ರಾಶಿಗೆ ಎಸೆದ. ಹುಟ್ಟುತ್ತಲೇ ನನಗೆ ಸಿಕ್ಕ ಆಶೀರ್ವಾದ ಅದು.

ಗದಗಿನ ಪೇಟೆಯಲ್ಲಿ ನನ್ನನ್ನು ಕೊಂಡವಳು ಶಂಕ್ರವ್ವ. ಬೆಟಗೇರಿಯಲ್ಲಿ ಅವಳ ಮಗ ಅಂದಾನಪ್ಪನದು ಮದುವೆ ಕಾರ್ಡು ಅಚ್ಚು ಹಾಕುವ ಸಣ್ಣ ಪ್ರೆಸ್ಸು. ಅಂಗಡಿಯವನು ಏಳನೇ ಗುಳಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ನನ್ನನ್ನು ತೋರಿಸಿದ, ಹಾಗೆಯೇ ಕಾಗದದಲ್ಲಿ ಸುತ್ತಿಯೂ ಕೊಟ್ಟ. ಮನೆಗೆ ಬಂದು ಕಾಗದ ಬಿಚ್ಚಿದಾಗ ಶಂಕ್ರವ್ವ ಅಂಗಡಿಯವನ ಏಳು ತಲೆಮಾರನ್ನೂ ಸ್ಮರಿಸಿದಳು, ಗುಳಿಗೊಂದು ತಲೆಮಾರಿನಂತೆ.

ಆಮೇಲೆ ಅವಳು ನನ್ನನ್ನು ಪಳಗಿಸಿದಳು. ಎಣ್ಣೆ ಸವರಿದಳು, ಉಳ್ಳಾಗಡ್ಡಿ ಹೋಳಿನಿಂದ ತಿಕ್ಕಿದಳು, ಕಾಯಿಸಿದಳು, ಆರಿಸಿದಳು, ಮತ್ತೆ ಕಾಯಿಸಿದಳು. ಆರು ಗುಳಿ ಪಳಗಿದವು. ಅವುಗಳಿಂದ ಪಡ್ಡು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಎದ್ದು ಬರುತ್ತಿತ್ತು. ಏಳನೆಯದು ಮಾತ್ರ ಹಟಮಾರಿ. ಹಿಟ್ಟನ್ನು ಕಚ್ಚಿ ಹಿಡಿದರೆ ಬಿಡುತ್ತಲೇ ಇರಲಿಲ್ಲ. ಚಮಚದಿಂದ ಕೆರೆದರೆ ಕೆಂಪಗೆ ಗರಿಗರಿಯಾದ ಹಕ್ಕಳೆಯ ಚೂರುಗಳು ಬರುತ್ತಿದ್ದವು, ಅವನ್ನು ಶಂಕ್ರವ್ವ ಅಂಗಳದ ಗುಬ್ಬಿಗಳಿಗೆ ಎಸೆಯುತ್ತಿದ್ದಳು. ನನಗೆ ಎಂಥ ಅವಮಾನ! ಆರು ಮಕ್ಕಳು ಜಾಣರಾಗಿ ಏಳನೆಯದು ದಡ್ಡನಾದ ಮನೆಯ ತಾಯಿಗೆ ಆಗುವಂಥದ್ದು.

ಆಗ ಹೇಮವ್ವ ಬಂದಳು!

ರೋಣದಿಂದ ಅಂದಾನಪ್ಪನ ಹೆಂಡತಿಯಾಗಿ ಬಂದ ಹುಡುಗಿ. ಬಂದ ವಾರದಲ್ಲೇ ಅತ್ತೆ ಅವಳನ್ನು ಒಲೆಯ ಮುಂದೆ ಕೂರಿಸಿದಳು. ಅಕ್ಕಿ, ಉದ್ದು, ಹಿಡಿ ಅವಲಕ್ಕಿ, ನಾಲ್ಕು ಕಾಳು ಮೆಂತ್ಯ ನೆನೆಸಿ ರುಬ್ಬಿಟ್ಟ ಹಿಟ್ಟು ಹುಳಿ ಬಂದು ಪಾತ್ರೆಯ ಅಂಚಿಗೆ ಏರಿತ್ತು. ಅದಕ್ಕೆ ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಕಲಸಿದಳು. ನನ್ನ ಗುಳಿಗಳಿಗೆ ಎಣ್ಣೆ ಬಿದ್ದು ಚುರ್ ಎಂದಿತು. ಆ ಸದ್ದಿಗಾಗಿಯೇ ಅಲ್ಲವೇ ನಾನು ಹುಟ್ಟಿದ್ದು!

ಅಂದಾನಪ್ಪನಿಗೆ ಮೆತ್ತನೆಯದು ಬೇಕು, ಜೊತೆಗೆ ಪುಟಾಣಿ ಚಟ್ನಿ. ಶಂಕ್ರವ್ವನಿಗೆ ಹಲ್ಲು ಕಡಿಮೆಯಾದರೂ ಖಾರ ಕಡಿಮೆ ಆಗಬಾರದು. ಎಲ್ಲರಿಗೂ ಬಡಿಸಿ ಮುಗಿದ ಮೇಲೆ ಹೇಮವ್ವ ನನ್ನ ಕಡೆ ತಿರುಗಿದಳು. ಏಳನೇ ಗುಳಿಯಲ್ಲಿ ಹಕ್ಕಳೆ ಅಂಟಿಕೊಂಡು ಕೂತಿತ್ತು. ಗುಬ್ಬಿಗೆ ಹಾಕಲು ಕೆರೆದಳು. ಏನನ್ನಿಸಿತೋ, ಒಂದು ಚೂರಿಗೆ ರಂಜಕ ಹಚ್ಚಿಕೊಂಡಳು. ಕೆಂಪುಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಆ ಚಟ್ನಿ ನಾಲಿಗೆಗೆ ಬೆಂಕಿ ಇಡುವಂಥದ್ದು. ಅದರ ಮೇಲೆ ಉಗುರಿನಷ್ಟು ಬೆಣ್ಣೆ. ಬಾಯಿಗೆ ಹಾಕಿಕೊಂಡಳು. ಕರುಂ ಎಂದಿತು.

ಅವಳು ಕಣ್ಣು ಮುಚ್ಚಿದಳು. ನಾನು ಒಲೆಯ ಮೇಲಿಂದ ನೋಡುತ್ತಿದ್ದೆ. ಆ ಮುಖದ ಮೇಲೆ ಬಂದ ಸುಖವನ್ನು ನಾನು ಆವರೆಗೆ ಯಾರ ಮುಖದಲ್ಲೂ ಕಂಡಿರಲಿಲ್ಲ. ಅಂದು ಗುಬ್ಬಿಗಳಿಗೆ ಏನೂ ಸಿಗಲಿಲ್ಲ.

ಅಂದಿನಿಂದ ಏಳನೆಯದು ಹೇಮವ್ವನದು. ಸೊಸೆ ಸೀದದ್ದನ್ನೇ ತಿನ್ನುವುದನ್ನು ಗಮನಿಸಿದ ಶಂಕ್ರವ್ವ ಓಣಿಯಲ್ಲೆಲ್ಲ ಸಾರಿದಳು. "ನಮ್ಮ ಸೊಸಿ ಎಲ್ಲಾರಿಗೂ ಛಲೋದು ಹಾಕಿ ತಾ ಹೊತ್ತಿದ್ದು ತಿಂತಾಳವ್ವಾ! ಇಂಥಾಕಿ ಹಗಲಾಗ ದೀಪಾ ಹಚ್ಚಿ ಹುಡುಕಿದ್ರೂ ಸಿಗೂದಿಲ್ಲ!"

ಹೇಮವ್ವನಿಗೆ ಇದು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. "ಅತ್ತೀ, ಮನಿಯಾಗಿನ ಎಲ್ಲಾದಕ್ಕಿಂತ ರುಚಿ ಇದಽ ಐತ್ರಿ" ಎಂದರೆ ಹೊಸ ಸೊಸೆ ರುಚಿಯಾದದ್ದನ್ನು ತನಗೆ ಇಟ್ಟುಕೊಂಡಳು ಎಂದಾದೀತು. ಹೀಗಾಗಿ ಸುಮ್ಮನಿದ್ದಳು. ರುಚಿಯೂ ಸಿಕ್ಕಿತು, ಪುಣ್ಯವೂ ಸಿಕ್ಕಿತು! ಯಾರೂ ಇಲ್ಲದಾಗ ಅವಳು ಏಳನೇ ಗುಳಿಗೆ ಬೇಕೆಂದೇ ಎಣ್ಣೆ ಕಡಿಮೆ ಹಾಕಿ, ಆ ಬದಿಯನ್ನೇ ಉರಿಯ ಮೇಲೆ ಸರಿಸಿ, ನನ್ನತ್ತ ನೋಡಿ ನಗುತ್ತಿದ್ದಳು. ಆ ಗುಟ್ಟು ನಮ್ಮಿಬ್ಬರದು. ನನ್ನ ಕುಂದನ್ನು ಕಾದು ಕೂರುವ ಒಂದು ಜೀವ ಈ ಲೋಕದಲ್ಲಿದೆ ಎಂದು ನಾನು ಎಷ್ಟು ಬೀಗಿದೆನೆಂದರೆ, ಪಕ್ಕದ ಹಾಲಿನ ಪಾತ್ರೆಗೆ ನನ್ನ ಜಂಬ ನೋಡಿಯೇ ಉಕ್ಕು ಬರುತ್ತಿತ್ತು.

ವರುಷಗಳು ಉರುಳಿದವು. ಶಂಕ್ರವ್ವ ಶಿವನ ಪಾದ ಸೇರಿದಳು. ಮಗಳು ವಿಜ್ಜಿ ಹುಟ್ಟಿದಳು, ಅವಳಿಗೆ ಬೆಲ್ಲದ ಪಡ್ಡೇ ಆಗಬೇಕು, ಕರಿಬೇವು ಕಂಡರೆ ಹುಳ ಕಂಡಂತೆ. ಮಗ ಪಂಚಾಕ್ಷರಿ ಹುಟ್ಟಿದ, ಅವನಿಗೆ ಮೆಂತ್ಯಸೊಪ್ಪು ಹಾಕಿದ್ದು ಬೇಕು, ಕೊಬ್ಬರಿ ಬೇಡ. ಯಾರಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂಬುದು ನನ್ನ ಗುಳಿಗುಳಿಗೂ ಗೊತ್ತಿತ್ತು. ಹೇಮವ್ವನಿಗೆ ಏನು ಸೇರುತ್ತದೆ ಎಂದು ಮಾತ್ರ ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳುವುದೇನು, "ಅವ್ವ ಹೊತ್ತಿದ್ದು ತಿಂತಾಳ" ಎನ್ನುವುದು ಎಲ್ಲರಿಗೂ ಗೊತ್ತೇ ಇತ್ತಲ್ಲ! ಪಂಚಾಕ್ಷರಿ ತಂದೆಯ ಜೊತೆ ಪ್ರೆಸ್ಸಿಗೆ ನಿಂತ, ದಾವಣಗೆರೆಯ ಮಧುಮತಿ ಅವನ ಕೈ ಹಿಡಿದು ಬಂದಳು. ವಿಜ್ಜಿ ಕೊಪ್ಪಳಕ್ಕೆ ಮದುವೆಯಾಗಿ ಹೋದಳು.

ಆ ಕೊಪ್ಪಳದಿಂದಲೇ ನನಗೆ ಗಂಡಾಂತರ ಬಂತು.

ಅಲ್ಲಿ ಯಾರೋ ತಾಯಿಯ ತ್ಯಾಗದ ಮೇಲೆ ಒಂದು ತಾಸು ಭಾಷಣ ಮಾಡಿದರಂತೆ. ವಿಜ್ಜಿ ಕೇಳಿ ಬಿಕ್ಕಿ ಬಿಕ್ಕಿ ಅತ್ತಳಂತೆ. ಪಂಚಮಿಗೆ ತವರಿಗೆ ಬಂದವಳು ಒಳಗೆ ಕಾಲಿಟ್ಟವಳೇ ಹೇಮವ್ವನನ್ನು ತಬ್ಬಿಕೊಂಡಳು. "ಅವ್ವಾ, ಜನ್ಮಾ ಪೂರ್ತಿ ಹೊತ್ತಿದ್ದು ತಿಂದೀಯವ್ವಾ! ನಮ್ಮ ಕಣ್ಣಿಗೆ ಏನ್ ಮಣ್ಣ ಬಿದ್ದಿತ್ತು!"

ಚೀಲದಿಂದ ಒಂದು ಹೊಸ ನಾನ್‌ಸ್ಟಿಕ್ ಹಂಚು ತೆಗೆದಳು. ಹನ್ನೆರಡು ಗುಳಿ, ಎಲ್ಲವೂ ಕನ್ನಡಿಯ ಹಾಗೆ. ಯಾವುದಕ್ಕೂ ಏನೂ ಹತ್ತುವುದಿಲ್ಲವಂತೆ.

ಹೇಮವ್ವ ಗಾಬರಿಯಾದಳು. ಜೀವಮಾನದಲ್ಲಿ ಮೊದಲ ಸಲ ನಿಜ ಹೇಳಿದಳು. "ಹಂಗಲ್ಲ ವಿಜ್ಜೀ, ನನಗ ಅದಽ ಸೇರತೈತಿ. ಖರೇನ ಹೇಳ್ತೀನಿ. ಹೊತ್ತಿದ್ದಽ ರುಚಿ."

ವಿಜ್ಜಿ ಮೊದಲಿಗಿಂತ ಜೋರಾಗಿ ಅತ್ತಳು. "ನೋಡ್ರಿ, ಈಗೂ ನಮ್ಮ ಸಲವಾಗಿ ಸುಳ್ಳು ಹೇಳ್ತಾಳ!" ಪಂಚಾಕ್ಷರಿ ಕಣ್ಣೊರೆಸಿಕೊಂಡ. ಅಂದಾನಪ್ಪ ಕೈಯಲ್ಲಿದ್ದ ಮೆತ್ತನೆಯ ಪಡ್ಡನ್ನು ತಟ್ಟೆಗಿಟ್ಟು, "ಇನ್ನ ಮ್ಯಾಲೆ ಮೊದಲನೇದು ಆಕಿಗೇ" ಎಂದು ತೀರ್ಪು ಕೊಟ್ಟ.

ನನ್ನನ್ನು ಕಟ್ಟೆಯ ಕೆಳಗೆ, ಕೆಟ್ಟ ಮಿಕ್ಸರಿನ ಪಕ್ಕಕ್ಕೆ ತಳ್ಳಿದರು. ಅಲ್ಲಿಂದ ನನಗೆ ಹೇಮವ್ವನ ಪಾದ, ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಆದರೆ ಎಲ್ಲವೂ ಕೇಳುತ್ತಿತ್ತು. ಪ್ರತಿ ಭಾನುವಾರ ಮೊದಲ ಒಬ್ಬೆಯ ಬೆಳ್ಳನೆಯ ದುಂಡನೆಯ ಪಡ್ಡುಗಳನ್ನು ಮಗ ಸೊಸೆ ಅವಳ ತಟ್ಟೆಗೆ ಸುರಿದು, ಅವಳು ನುಂಗುವ ತನಕ ಎದುರಿಗೇ ನಿಂತು ನೋಡುತ್ತಿದ್ದರು. "ಹೆಂಗೈತಿ ಅವ್ವಾ?" "ಛಲೋ ಐತಿ." ಆ ದನಿಯಲ್ಲಿ ಉಪ್ಪಿರಲಿಲ್ಲ. ಒಮ್ಮೆ ಯಾರೂ ಇಲ್ಲದಾಗ ಅವಳು ಹೊಸ ಹಂಚಿನಲ್ಲಿ ಹಿಟ್ಟು ಹಾಕಿ ಬಹಳ ಹೊತ್ತು ಬಿಟ್ಟು ನೋಡಿದಳು. ಪಡ್ಡು ಕಲ್ಲಾಯಿತು, ಹಕ್ಕಳೆ ಆಗಲಿಲ್ಲ. "ಇದಕ್ಕ ಹಿಡಿಯೂ ಗುಣಾನಽ ಇಲ್ಲ" ಎಂದು ಗೊಣಗಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇವರು ಅವಳ ಬಾಯಿಗೆ ಬಂದ ತುತ್ತನ್ನೇ ಪ್ರೀತಿಯಿಂದ ಕಸಿದುಕೊಂಡಿದ್ದರು. ಪ್ರೀತಿಯ ಮೇಲೆ ಸಿಟ್ಟಾಗುವುದಾದರೂ ಹೇಗೆ?

ಚೌತಿಗೆ ವಿಜ್ಜಿ ಮತ್ತೆ ಬಂದಾಗ ಮನೆ ಸಾರಣೆ ನಡೆಯಿತು. ಹೇಮವ್ವ ಗಿರಣಿಗೆ ಹೋಗಿದ್ದಳು. ಅಷ್ಟರಲ್ಲಿ ಓಣಿಯಲ್ಲಿ ಹಳೇ ಕಬ್ಬಿಣದ ಖಾಜೇಸಾಬನ ಗಾಡಿ ಬಂತು. ಮಧುಮತಿ ಮಿಕ್ಸರ್ ಕೊಟ್ಟಳು, ವಿಜ್ಜಿ ನನ್ನನ್ನು ಎತ್ತಿ ಹಾಕಿದಳು. "ನಮ್ಮವ್ವನ ಕಣ್ಣಿಗೆ ಇದು ಬೀಳಬಾರದು" ಎಂದಳು ಬೇರೆ! ಬದಲಿಗೆ ಖಾಜೇಸಾಬ ಒಂದು ಮೊರ ಉಳ್ಳಾಗಡ್ಡಿ ಸುರಿದ. ಗಾಡಿ ಕಡಕಡ ಎನ್ನುತ್ತ ಹೊರಟಿತು. ಮುಗಿಯಿತು, ನಾನು ಮತ್ತೆ ಕರಗಿ ಯಾವುದೋ ಚರಂಡಿಯ ಮುಚ್ಚಳ ಆಗುವುದೇ ಗತಿ ಎಂದು ನಿಶ್ಚಯಿಸಿಬಿಟ್ಟೆ.

ರೈಲ್ವೆ ಗೇಟಿನಾಚೆ ಅವನ ಗುಜರಿ. ಸೈಕಲ್ ಚಕ್ರ, ತಗಡಿನ ಡಬ್ಬಿಗಳ ನಡುವೆಯೇ ಮನೆ. ಅವನ ಹೆಂಡತಿ ಮಾಬುಬಿ ನನ್ನನ್ನು ಕಂಡವಳೇ ಎತ್ತಿಕೊಂಡಳು. "ಏ, ಇದನ್ನ ಒಡೀಬ್ಯಾಡ್ರಿ! ದ್ವಾಸಿ ಹಿಟ್ಟು ಉಳದೈತಿ" ಎಂದು ಮಣ್ಣು ತೊಳೆದು, ಎಣ್ಣೆ ಸವರಿ, ಒಲೆಗೆ ಏರಿಸಿಯೇ ಬಿಟ್ಟಳು. ಚುರ್! ಅಯ್ಯೋ, ಆ ಸದ್ದು!

ಮೊದಲ ಒಬ್ಬೆಯಲ್ಲಿ ಏಳನೇ ಗುಳಿ ತನ್ನ ಬುದ್ಧಿ ತೋರಿಸಿತು. ಮಾಬುಬಿ ಕೆರೆದಳು. ಅವಳ ಇಬ್ಬರು ಹೆಣ್ಣುಮಕ್ಕಳು ಆ ಚೂರು ಬಾಯಿಗೆ ಹಾಕಿಕೊಂಡವರೇ ಮುಂದಿನ ಒಬ್ಬೆಗೆ ಜಡೆ ಹಿಡಿದು ಜಗಳಕ್ಕೆ ಬಿದ್ದರು. "ನನಗ ಕರುಂ ಕರುಂದು!" "ಇಲ್ಲ, ನನಗ!" ನಾನು ಬೆರಗಾದೆ. ಇಷ್ಟು ವರ್ಷ ಹೇಮವ್ವನ ನಾಲಿಗೆಯೊಂದಕ್ಕೇ ಹಿಡಿಸಿದ ಹುಚ್ಚು ಇದು ಎಂದುಕೊಂಡಿದ್ದೆ. ಹಾಗಲ್ಲ! ನನ್ನ ಏಳನೇ ಗುಳಿಗೆ ನಿಜವಾಗಿಯೂ ರುಚಿ ಇದೆ!

ಮೂರನೇ ಒಬ್ಬೆ ಬೇಯುತ್ತಿರುವಾಗ ಗೇಟಿನ ಕಡೆಯಿಂದ ಏದುಸಿರು ಬಿಡುತ್ತ ಬಂದವಳು ನಮ್ಮ ಹೇಮವ್ವ. ಕಾಲಲ್ಲಿ ಚಪ್ಪಲಿ ಇಲ್ಲ, ಸೀರೆಯ ತುಂಬ ಗಿರಣಿಯ ಹಿಟ್ಟು. ಮನೆಯಲ್ಲಿ ಆ ಉಳ್ಳಾಗಡ್ಡಿ ಎಲ್ಲಿಂದ ಬಂತೆಂದು ಕೇಳಿದವಳು ಬುಟ್ಟಿ ಅಲ್ಲೇ ಬಿಟ್ಟು ಓಡಿದ್ದಳಂತೆ. ಅವಳ ಹಿಂದೆ ವಿಜ್ಜಿ, ಮಧುಮತಿ, ಅವರ ಹಿಂದೆ ಹಳೇ ಮೊಪೆಡ್ಡಿನ ಮೇಲೆ ಅಂದಾನಪ್ಪ, ಹಿಂದಿನ ಸೀಟಿನಲ್ಲಿ ಪಂಚಾಕ್ಷರಿ.

"ಆ ಹಂಚು ನಂದವ್ವಾ!" ಎಂದಳು ಹೇಮವ್ವ. ಆ ಮನೆಗೆ ಬಂದಂದಿನಿಂದ ಅವಳು ಯಾವುದನ್ನಾದರೂ 'ನಂದು' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಾಬುಬಿ ಗಾಬರಿಯಾಗದೆ ಮಣೆ ಹಾಕಿದಳು. "ಬರ್ರಿ ಯಕ್ಕಾ, ಮೊದಲ ಕುಂದರ್ರಿ. ಬಿಸಿ ಬಿಸಿ ಅದಾವು, ತಿನ್ರಿ" ಎಂದು ದುಂಡನೆಯವನ್ನು ತಟ್ಟೆಗೆ ಹಾಕಿದಳು. ಹೇಮವ್ವನ ಕಣ್ಣು ತಟ್ಟೆಯ ಮೇಲೆ ಇರಲಿಲ್ಲ.

"ಅದು..." ಎಂದು ಏಳನೇ ಗುಳಿಯತ್ತ ಬೆರಳು ತೋರಿಸಿದಳು.

"ಅಯ್ಯ, ಅದು ಹತ್ತೈತ್ರಿ. ಅದಕ್ಕ ನಮ್ಮ ಹುಡುಗ್ಯಾರು ಬಡದಾಡ್ತಾವು."

"ನನಗ ಅದಽ ಬೇಕು."

ಮಾಬುಬಿ ಅವಳ ಮುಖ ನೋಡಿದಳು. ನಕ್ಕಳು. "ನಿಮಗೂ ಅದರದ ಹುಚ್ಚು ಏನ್ರಿ! ಹಂಗಾರ ಈ ಒಬ್ಬೆ ನಿಮ್ದು. ಇವು ಎರಡೆರಡು ಸಲ ತಿಂದಾವು" ಎಂದು ಕೆರೆದು ಅಂಗೈಗೆ ಹಾಕಿ, ಮೇಲೆ ಚೂರು ಕೆಂಪು ಚಟ್ನಿ ಸವರಿದಳು.

ವಿಜ್ಜಿ ಮುಂದೆ ಬಂದಳು. ಅವಳ ಕಣ್ಣು ಆಗಲೇ ತುಂಬಿತ್ತು. "ಅವ್ವಾ, ಇನ್ನೂ ಯಾಕ ಈ ತ್ಯಾಗಾ? ಕೊಡಿಲ್ಲಿ, ಅದನ್ನ ನಾ ತಿಂತೀನಿ" ಎಂದು ಕೈ ಚಾಚಿದಳು.

ಈ ಮಕ್ಕಳಿಗಾಗಿ ಹೇಮವ್ವ ತನ್ನ ಪಾಲಿನ ಹೋಳಿಗೆ ಬಿಟ್ಟದ್ದನ್ನು ನಾನು ನೋಡಿದ್ದೇನೆ. ಬಾಯಿಗೆ ಒಯ್ದ ಮಾವಿನ ಹೋಳನ್ನು ತಿರುಗಿಸಿ ಕೊಟ್ಟದ್ದನ್ನೂ ನೋಡಿದ್ದೇನೆ. ಆ ಹೇಮವ್ವ ಈಗ ಕೈಯನ್ನು ಸರಕ್ಕನೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

"ಕೊಡೂದಿಲ್ಲ!"

"ಅವ್ವಾ, ಒಂದಽ ಚೂರು..."

"ಒಂದು ಚೂರೂ ಇಲ್ಲ. ನಿನಗ ಮನ್ಯಾಗ ಬೆಲ್ಲದ್ದು ಹಾಕಿಕೊಡ್ತೀನಿ. ಇದು ನಂದು."

ಎಂದವಳೇ ಎಲ್ಲರಿಗೂ ಬೆನ್ನು ತಿರುಗಿಸಿ, ಗುಜರಿಯ ಗೋಡೆಗೆ ಮುಖ ಮಾಡಿ ನಿಂತು, ಕರುಂ ಕರುಂ ಎಂದು ಅಷ್ಟನ್ನೂ ತಿಂದಳು. ಯಾರಿಗೂ ಎಳ್ಳಷ್ಟೂ ಕೊಡಲಿಲ್ಲ. ಬೆರಳು ನೆಕ್ಕಿದಳು. ಕಣ್ಣು ಮುಚ್ಚಿದ್ದಳೆಂದು ಬೆನ್ನು ನೋಡಿಯೇ ನನಗೆ ಗೊತ್ತಾಯಿತು.

ಮೊದಲು ನಕ್ಕವನು ಅಂದಾನಪ್ಪ. "ಅಲ್ಲಲೇ, ಇಷ್ಟು ವಾರ ಮೆತ್ತನ್ನದನ್ನ ಈಕಿಗೆ ಬಿಟ್ಟುಕೊಟ್ಟು ನಾ ಹಸಕೊಂಡು ಎದ್ದೆನಲ್ಲೋ!" ಆಮೇಲೆ ಎಲ್ಲರೂ ನಕ್ಕರು. ವಿಜ್ಜಿ ನಗುತ್ತ ನಗುತ್ತ ಅತ್ತಳು, ಈ ಸಲ ಭಾಷಣ ಕೇಳಿ ಅತ್ತದ್ದಲ್ಲ. "ನಿನಗ ಏನ್ ಸೇರತೈತಿ ಅಂತ ನಾ ಒಮ್ಮೆನೂ ಕೇಳಲಿಲ್ಲವಲ್ಲ ಅವ್ವಾ" ಎಂದಳು.

"ಈಗ ಕೇಳೀಯಲ್ಲ" ಎಂದಳು ಹೇಮವ್ವ, ಹಲ್ಲಿನ ಸಂದಿಯ ಚೂರನ್ನು ನಾಲಿಗೆಯಿಂದ ಹುಡುಕುತ್ತ.

ಮಾಬುಬಿ ನನ್ನನ್ನು ಸುಮ್ಮನೆ ಬಿಟ್ಟುಕೊಡಲಿಲ್ಲ. "ಹಂಚು ಒಯ್ರಿ ಯಕ್ಕಾ. ಶುಕ್ರವಾರಕ್ಕೊಮ್ಮೆ ಮಾತ್ರ ಈ ಹುಡುಗ್ಯಾರನ್ನ ನಿಮ್ಮ ಮನಿಗೆ ಕಳಸ್ತೀನಿ" ಎಂದಳು. ಒಪ್ಪಂದವಾಯಿತು. ಶುಕ್ರವಾರ ಏಳನೆಯದನ್ನು ಆ ಇಬ್ಬರಿಗೆ ಹಂಚಿ ಹೇಮವ್ವ ಸಣ್ಣ ಮುಖ ಮಾಡಿಕೊಂಡು ಕೂರುತ್ತಾಳೆ. ತ್ಯಾಗ ಅಂದರೆ ಅದು. ಅದರ ಮೇಲೆ ಯಾರೂ ಭಾಷಣ ಮಾಡಿಲ್ಲ.

ನನಗೀಗ ವಯಸ್ಸಾಗಿದೆ. ಅಂಚಿನಲ್ಲಿ ಒಂದು ಬಿರುಕು ಬಿಟ್ಟಿದೆ, ಎರಡು ಗುಳಿಗಳಿಂದ ಎಣ್ಣೆ ಸೋರುತ್ತದೆ. ಮನೆ ಮಂದಿಯ ಪಡ್ಡೆಲ್ಲ ಹೊಸ ಹಂಚಿನಲ್ಲೇ ಆಗುತ್ತದೆ, ನನಗೇನೂ ಹೊಟ್ಟೆಕಿಚ್ಚಿಲ್ಲ. ಒಲೆಯ ಪಕ್ಕದ ಮೊಳೆ ನನ್ನ ಜಾಗ. ಭಾನುವಾರ ಎಲ್ಲರ ಊಟ ಮುಗಿದ ಮೇಲೆ ನನ್ನನ್ನು ಇಳಿಸುತ್ತಾರೆ. ಆರು ಗುಳಿ ಖಾಲಿ. ಏಳನೆಯದಕ್ಕೆ ಮಾತ್ರ ಒಂದು ಸೌಟು ಹಿಟ್ಟು. ಇಷ್ಟು ದೊಡ್ಡ ಮೈ ಕಾಯುವುದು ಆ ಒಂದೇ ಕುಂದಿಗಾಗಿ! ಊಟ ತನ್ನಿಚ್ಛೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆ ಇಚ್ಛೆಯನ್ನು ಬಾಯಿಬಿಟ್ಟು ಹೇಳಲು ನಮ್ಮ ಹೇಮವ್ವನಿಗೆ ಒಂದು ಜನ್ಮವೇ ಹಿಡಿಯಿತು.

ಈಗ ಅವಳ ಬಳೆಯ ಸದ್ದು ಕೇಳುತ್ತಿದೆ. ರಂಜಕದ ಡಬ್ಬಿ ತೆರೆದಳು, ಬೆಣ್ಣೆಯೂ ಬಂತು. ಬಾಗಿಲಲ್ಲಿ ತವರಿಗೆ ಬಂದ ವಿಜ್ಜಿ ನಿಂತು, "ಅವ್ವಾ, ಇವತ್ತರ ಒಂದು ಚೂರು?" ಎನ್ನುತ್ತಿದ್ದಾಳೆ.

"ಕೊಡೂದಿಲ್ಲ" ಎಂದಳು ಹೇಮವ್ವ, ಗುಳಿಗೆ ಎಣ್ಣೆ ಬಿಟ್ಟಳು. ಚುರ್!