ಉಪ್ಪು ಬಿಟ್ಟ ಸೋಮವಾರ

ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಬಲೆಯ ಮೇಲೆ ಹಣ್ಣು ಹರವುತ್ತಿದ್ದ ಚಂದ್ರಾಬಾಯಿ, ಮಧ್ಯಾಹ್ನದ ಬಿಸಿಲಿಗೆ ಮೀನಖಂಡ ಹಿಡಿದುಕೊಂಡು ಕುಸಿದಳು. ಕಾಲು ಹಗ್ಗ ಹೊಸೆದಂತೆ ತಿರುಚಿತ್ತು. ಜೊತೆಯ ಹೆಂಗಸರು ಮನೆಗೆ ತಂದು ಮಲಗಿಸಿದರು.

ಅದು ಅವಳ ಮೂರನೆಯ ಸೋಮವಾರ. ಮಗಳು ಮೇಘಾಳ ಚೊಚ್ಚಲ ಹೆರಿಗೆ ಸುಸೂತ್ರವಾಗಲೆಂದು, ಐದು ಸೋಮವಾರ ಉಪವಾಸವಿದ್ದು ಉಪ್ಪು ಮುಟ್ಟುವುದಿಲ್ಲವೆಂದು ಹರಕೆ ಹೊತ್ತಿದ್ದಳು. ಬಿಡಲಾರದ ಚಹಾ ಒಂದನ್ನು ಬಿಟ್ಟರೆ, ಹಸಿವಾದಾಗಲೆಲ್ಲ ತಂಬಿಗೆ ತುಂಬ ನೀರು, ಮತ್ತೇನಿಲ್ಲ.

ಮೇಘಾಳನ್ನು ನೋಡಲು ಬಂದ ಆಶಾ ಕಾರ್ಯಕರ್ತೆ ಅಬೇದಾ, ಚಂದ್ರಾಬಾಯಿಯ ಕಾಲು ತಿಕ್ಕುತ್ತ ಕುಳಿತಳು.

"ಮುಂಜಾನಿಂದ ನೀರ ಕುಡದ ಕುಡದ ಸಾಕಾಗೈತಿ, ಅಬೇದಾ. ಆದ್ರೂ ತಲಿ ಗಿರ್ರ್ ಅಂತೈತಿ. ಯಾರದರ ಕಣ್ಣ ಬಿದ್ದೈತೇನ?"

"ಯಾರ ಕಣ್ಣೂ ಇಲ್ಲಕ್ಕಾ. ನಿಮ್ಮ ಕುಬಸದ ತೋಳ ನೋಡಿಕೋರಿ."

ಕಪ್ಪು ಬಟ್ಟೆಯ ಮೇಲೆ ಬೆವರು ಒಣಗಿ ಬೆಳ್ಳನೆಯ ಗೆರೆ ಮೂಡಿತ್ತು.

"ಅದು ಉಪ್ಪ. ನೀವು ತಿನ್ನೂದ ಬಿಟ್ರೂ ಬೆವರಿನ ಕೂಡ ಅದು ಹೋಗೂದ ಬಿಡೂದಿಲ್ಲ. ನರ, ಕೈಕಾಲು, ಎದಿಬಡಿತ ಎಲ್ಲಾ ನಡಿಯೂದು ಸೋಡಿಯಂ, ಪೊಟ್ಯಾಸಿಯಂನಂಥ ಲವಣದಿಂದ್ರಿ. ಬರೇ ನೀರ ಸುರಕೊಂಡ್ರ ಮೈಯಾಗ ಉಳಿದದ್ದೂ ತೆಳ್ಳಗಾಕ್ಕೈತಿ."

ಅಬೇದಾ ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಕಲಸಿ ಲೋಟ ಕೊಟ್ಟಳು; ಕುಡಿದ ಮೇಲೂ ತಲೆಸುತ್ತು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗೋಣವೆಂದಳು. ಚಂದ್ರಾಬಾಯಿ ಮುಖ ತಿರುಗಿಸಿದಳು.

"ಹೇಳೂದ ಸುಲಭ ಐತೆವ್ವಾ. ಹರಕಿ ಮುರದ್ರ?"

"ನಾನೂ ರಂಜಾನ್ ಉಪವಾಸ, ರೋಜಾ ಹಿಡದೇನ್ರಿ. ನಸುಕಿನ್ಯಾಗ ಉಪ್ಪ ಹಾಕಿದ ಮಜ್ಜಿಗಿ ಕುಡದು ಬಾಳಿಹಣ್ಣ ತಿಂದೇನಿ. ನಿಮ್ಮಂಗ ಕುಸದ್ರ ರೋಜಾನೂ ಬಿಡತೀನಿ. ಮುಂದ ಒಂದಿನ ಹಿಡದು ತೀರಸತೀನಿ."

ಲೋಟ ಅಲ್ಲೇ ಉಳಿಯಿತು. ಬಾಗಿಲಲ್ಲಿ ನಿಂತಿದ್ದ ಮೇಘಾ ಮೆಲ್ಲಗೆ ಅಂದಳು:

"ಹಂಗಾರ ಉಳಿದ ಎರಡ ಸೋಮವಾರ ನಾ ಹಿಡೀತೀನಿ ಬೇ. ನೀ ಮಲಕೋ."

"ಹುಚ್ಚಿ! ದಿನಾ ತುಂಬಿದಾಕಿ ಉಪ್ಪ ಬಿಟ್ರ ಹೊಟ್ಯಾಗಿನ ಕೂಸಿನ ಗತಿ..."

ತಾನು ಅಂದದ್ದು ಚಂದ್ರಾಬಾಯಿಗೇ ಕೇಳಿಸಿತ್ತು. ಅಬೇದಾ ನಗಲಿಲ್ಲ, ಲೋಟವನ್ನು ಮುಂದೆ ಸರಿಸಿದಳು, ಅಷ್ಟೆ. ಚಂದ್ರಾಬಾಯಿ ದೇವರ ಜಗುಲಿಯ ಕಡೆ ಕೈ ಮುಗಿದು, ಗುಟುಕು ಗುಟುಕಾಗಿ ಕುಡಿದಳು.

"ಸೋಮವಾರ ಬಿಡೂದಿಲ್ಲ ಮತ್ತ. ಉಪ್ಪಿನ ಬದಲಿ ಚಹಾ ಬಿಡತೀನಿ."

"ಚಹಾ? ನೀ?" ಮೇಘಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ದೇವರಿಗೂ ನಂಬಿಕಿ ಬರೂದಿಲ್ಲ ಬೇ!"

ಅಕ್ಕ-ತಂಗಿಯರೇ, ಉಪವಾಸ ನಿಮ್ಮ ನಂಬಿಕೆ, ಬಿಡಿ ಎನ್ನುವುದಿಲ್ಲ. ಆದರೆ ಬಿಸಿಲಲ್ಲಿ ದುಡಿಯುವ ದಿನ ಬರೀ ನೀರನ್ನೇ ನೆಚ್ಚಬೇಡಿ. ಉಪ್ಪು ಹಾಕಿದ ಮಜ್ಜಿಗೆ, ಲಿಂಬೆ ಶರಬತ್ತು, ಹಣ್ಣು ಜೊತೆಗಿರಲಿ. ಬಿ.ಪಿ., ಸಕ್ಕರೆ, ಮೂತ್ರಪಿಂಡದ ಕಾಯಿಲೆ ಇದ್ದವರು, ಬಸುರಿಯರು ಮೊದಲು ವೈದ್ಯರನ್ನು ಕೇಳಿ. ತಲೆ ತಿರುಗಿ ಬಿದ್ದರೆ, ಮಾತು ತಡವರಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನೀವು ಯಾರಿಗಾಗಿ ಉಪವಾಸ ಹಿಡಿದಿದ್ದೀರೋ, ಅವರಿಗೆ ನೀವು ಬೇಕು.