ಡಬ್ಬಿರಾಯ ಜೋಪಾನ ಮಾಡಿದ ಜೋಗುಳ

ಆ ಲೈಬ್ರರಿಯಲ್ಲಿ ಕೆಲಸಕ್ಕಿದ್ದ ಗಂಡ ಹೆಂಡತಿಯದು ಎಣ್ಣೆ ಸೀಗೆಕಾಯಿ ಸಂಬಂಧ. ಮನೆಯಲ್ಲಲ್ಲ, ಮನೆಯಲ್ಲಿ ಹಾಲು ಜೇನು. ಲೈಬ್ರರಿಯ ಮೆಟ್ಟಿಲು ಹತ್ತಿದರೆ ಸಾಕು, ಶುರುವಾಯಿತು ಅನ್ನಿ. ಹೆಂಡತಿ ಕ್ಯಾಟಲಾಗಿನವಳು. ಯಾವ ಪುಸ್ತಕ ಯಾರದ್ದು, ಯಾವ ವಿಷಯದ್ದು, ಯಾವ ಕಪಾಟಿನದ್ದು ಎಂದು ಕಂಪ್ಯೂಟರಿಗೆ ತುಂಬುವುದು ಅವಳ ಕೆಲಸ, ಹಾಗಾಗಿ ಓದುಗರ ಬಾಯಲ್ಲಿ ಸೂಚಿಯಮ್ಮ. ಗಂಡ ಹಳೇ ಪುಸ್ತಕಗಳ ರಿಪೇರಿಯವನು. ಹರಿದದ್ದನ್ನು ಕೂಡಿಸಿ, ಹುಳು ತಿಂದದ್ದನ್ನು ಉಳಿಸಿ, ಒಂದೊಂದಕ್ಕೂ ರಟ್ಟಿನ ಡಬ್ಬಿ ಹೊಲಿದು ಒಳಗೆ ಮಲಗಿಸುತ್ತಿದ್ದ. ಅವನು ಡಬ್ಬಿರಾಯ.

"ಕೈಗೆ ಸಿಗದ ಪುಸ್ತಕ ಇದ್ರೆಷ್ಟು, ಬಿಟ್ರೆಷ್ಟು?" ಎನ್ನುವಳು ಇವಳು.

"ಎಲ್ಲರ ಕೈಗೆ ಸಿಕ್ಕಿ ಚಿಂದಿ ಆದ್ಮೇಲೆ ಏನು ಹುಡುಕ್ತೀಯಾ, ಚಿಂದೀನಾ?" ಎನ್ನುವನು ಅವನು.

ಹೀಗಿರುವಾಗ ಒಂದು ಬೆಳಗ್ಗೆ ಒಬ್ಬ ಅಜ್ಜಿ ಬಂದಳು. ಹಿಂದೆ ಮೊಮ್ಮಗಳು, ಮೊಮ್ಮಗಳ ಕಂಕುಳಲ್ಲಿ ಒಂದು ಕೂಸು. ಕೂಸಿನ ಕಣ್ಣು ಬಟ್ಟಲು ಬಟ್ಟಲು ತೆರೆದಿತ್ತು, ತಾಯಿಯ ಕಣ್ಣು ನಿದ್ದೆಗೆಟ್ಟು ಕೆಂಡವಾಗಿತ್ತು.

"ನಮ್ಮಮ್ಮ ಕೈಯಾರೆ ಬರೆದ ಜೋಗುಳದ ಪುಸ್ತಕ ಇಲ್ಲಿಗೆ ಕೊಟ್ಟಿದ್ವಲ್ಲ ಮಗಳೇ, ಅದು ಬೇಕು," ಎಂದಳು ಅಜ್ಜಿ. "ನಮ್ಮ ಮನೇಲಿ ಯಾವ ಮಗೂನೂ ಆ ಹಾಡು ಕೇಳದೆ ಮಲಗಿಲ್ಲ. ಈಗ ಅದನ್ನ ಬಲ್ಲವಳು ನಾನೊಬ್ಬಳೇ. ನನಗೋ ಎರಡು ಸಾಲಿಗೇ ನಿಂತೋಗುತ್ತೆ. ಇವಳು ನಾಳೆ ಮಗೂನ ಎತ್ಕೊಂಡು ದೂರದೂರಿಗೆ ಹೊರಟಳು. ಹಾಡು ಇವಳಿಗೆ ಬರದಿದ್ರೆ ನನ್ನ ಜೊತೆಗೇ ಮಣ್ಣಿಗೆ ಹೋಯ್ತು ಅಂತ ತಿಳ್ಕೋ."

"ಅಯ್ಯೋ, ಅಷ್ಟೇನಾ ಅಜ್ಜಿ? ಕೂತ್ಕೊಳ್ಳಿ, ಚಿಟಿಕೆ ಹೊಡೆಯೋದ್ರೊಳಗೆ ತೆಗೆದ್ಕೊಡ್ತೀನಿ," ಎಂದು ಸೂಚಿಯಮ್ಮ ಕೀಲಿಮಣೆ ಕುಟ್ಟಿದಳು. ಬಂತು! ಬರೆದವರ ಹೆಸರು ಬಂತು, ವಿಷಯ ಬಂತು, ಕಾಗದದ ಬಣ್ಣವೂ ಬಂತು. 'ಇರುವ ಜಾಗ' ಎಂಬಲ್ಲಿ ಮಾತ್ರ ಬೋಳು.

ಅವಳು ಹಣೆ ಚಚ್ಚಿಕೊಂಡಳು. ಡಬ್ಬಿಯ ಮೇಲೆ ನಂಬರಿನ ಚೀಟಿ ಏರುವ ತನಕ ಜಾಗ ಬರೆಯಬಾರದೆಂಬುದು ಅವಳೇ ಮಾಡಿದ ನಿಯಮ. ಹಳೇ ಕಾಗದದ ಹತ್ತಿರ ಅಂಗಡಿಯ ಗೋಂದು ಸುಳಿಯಬಾರದು, ಚೀಟಿಯನ್ನು ಹತ್ತಿ ದಾರದಲ್ಲೇ ಕಟ್ಟಬೇಕೆಂಬುದು ಅವನ ನಿಯಮ. ದಾರ ಬಂದಿರಲಿಲ್ಲ. ಇಬ್ಬರೂ ತಮ್ಮ ತಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ ಪುಸ್ತಕವನ್ನು ಅಂತರ್ಧಾನ ಮಾಡಿಸಿದ್ದರು.

ಅವಳು ರಿಪೇರಿ ಕೋಣೆಗೆ ಓಡಿದಳು. "ರೀ! ಜೋಗುಳದ ಪುಸ್ತಕ ಎಲ್ಲಿಟ್ರಿ?"

"ಜೋಪಾನವಾಗಿಟ್ಟಿದ್ದೀನಿ."

"ಅದೇ, ಎಲ್ಲಿ?"

ಡಬ್ಬಿರಾಯ ತಲೆ ಕೆರೆದುಕೊಂಡ. "ತುಂಬಾ ಜೋಪಾನವಾಗಿಟ್ಟಿದ್ದೀನಿ ಕಣೇ..."

ಮುಗಿಯಿತು ಕಥೆ! ಚೀಟಿಯಿಲ್ಲದ ಡಬ್ಬಿಗಳು ಗೋಡೆಯುದ್ದಕ್ಕೂ ಇದ್ದವು, ಎಲ್ಲವೂ ಒಂದೇ ಬಣ್ಣ. ಮುಚ್ಚಳ ತೆಗೆದರೆ ಒಂದರಲ್ಲಿ ಹಸು ಸಾಕಣೆ, ಇನ್ನೊಂದರಲ್ಲಿ ಗಡಿಯಾರ ರಿಪೇರಿ, ಮತ್ತೊಂದರಲ್ಲಿ ಡಬ್ಬಿರಾಯ ಹುಡುಕಿ ಹುಡುಕಿ ಸಾಕಾಗಿದ್ದ ಅವನದೇ ಕನ್ನಡಕ. ಸದ್ದು ಕೇಳಿ ಪೇಪರ್ ಓದಲು ಬಂದವರೂ ತೋಳೇರಿಸಿ ನುಗ್ಗಿದರು. ಒಬ್ಬ ಸೀನಿದ, ಅವನನ್ನು ನೋಡಿ ಇನ್ನೊಬ್ಬ ಸೀನಿದ. "ಪುಸ್ತಕದ ಮೇಲೆ ಸೀನಬೇಡ್ರಪ್ಪಾ!" ಎಂದು ಡಬ್ಬಿರಾಯ ಕೈಮುಗಿಯುತ್ತ ಅಲ್ಲಿಂದಿಲ್ಲಿಗೆ ಹಾರಾಡಿದ. ಕೂಸಿಗಂತೂ ಖುಷಿಯೋ ಖುಷಿ, ಪ್ರತಿ ಸೀನಿಗೂ ಕೇಕೆ ಹಾಕಿ ನಕ್ಕಿತು.

ಸೂಚಿಯಮ್ಮ ಹುಡುಕುವುದನ್ನು ಬಿಟ್ಟು ಸುಮ್ಮನೆ ಗಂಡನ ಮುಖ ನೋಡಿದಳು. ಪುಸ್ತಕ ಎಲ್ಲಿರಬಹುದೆಂದು ಯೋಚಿಸಿ ಫಲವಿಲ್ಲ, ಈ ಮನುಷ್ಯ ಹೇಗೆ ಯೋಚಿಸುತ್ತಾನೆ ಎಂದು ನೋಡಬೇಕು. ಬಿಸಿಲು ಬೀಳಬಾರದು, ತೇವ ತಾಗಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯರು ಮುಟ್ಟಬಾರದು. ಇಡೀ ಲೈಬ್ರರಿಯಲ್ಲಿ ಯಾರೂ, ಎಂದೂ ಮುಟ್ಟದ ಜಾಗ ಯಾವುದು?

"ವಾರ್ಷಿಕ ವರದಿಗಳು!" ಎಂದು ಕಿರುಚಿ ಓಡಿದಳು. ಅಲ್ಲೇ ಇತ್ತು, ದಪ್ಪ ವರದಿಗಳ ಹಿಂದೆ, ಒಂದು ಧೂಳಿನ ಕಣವೂ ಇಲ್ಲದೆ. ಜನ ಚಪ್ಪಾಳೆ ತಟ್ಟಿದರು. ಅವಳಿಗೆ ಗಂಡನನ್ನು ಬೈಯಬೇಕೋ ಮುದ್ದಾಡಬೇಕೋ ತಿಳಿಯಲಿಲ್ಲ.

ಮೆತ್ತನೆ ದಿಂಬಿನ ಮೇಲೆ ಪುಸ್ತಕ ತೆರೆದರು. ಅಜ್ಜಿ ಪುಟ ತಿರುಗಿಸಲು ನಾಲಿಗೆಗೆ ಬೆರಳು ಒಯ್ದಳು. ಡಬ್ಬಿರಾಯನ ಜೀವ ಬಾಯಿಗೆ ಬಂತು. "ನಾನು ತಿರುಗಿಸ್ತೀನಮ್ಮ, ನೀವು ಹಾಡಿ," ಎಂದ.

ಅಜ್ಜಿ ಅಮ್ಮನ ಅಕ್ಷರವನ್ನೇ ನೋಡುತ್ತ ಕೂತಳು. ಆಮೇಲೆ ಸಣ್ಣಗೆ ಹಾಡೆತ್ತಿಕೊಂಡಳು:

"ನಿದ್ದೆ ಬಾರೆ ನಿದ್ದೆ, ಎಲ್ಲಿ ಹೋಗಿ ಬಿದ್ದೆ?
ಕಂದನ ಕಣ್ಣು ಬಿಟ್ಟು ಯಾರ ಮನೆಗೆ ಎದ್ದೆ?"

ಅಲ್ಲಿಗೆ ನಿಂತಳು. ಕೆಳಗೆ ಶಾಯಿ ಪೂರ್ತಿ ಮಾಸಿ ಹೋಗಿತ್ತು. ಅಷ್ಟು ಗುಡ್ಡ ಅಗೆದು ಸಿಕ್ಕಿದ್ದು ಅವಳಿಗೆ ಮೊದಲೇ ಗೊತ್ತಿದ್ದ ಎರಡು ಸಾಲು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೂಚಿಯಮ್ಮನ ಕಣ್ಣಲ್ಲೂ ನೀರು ಬಂತು.

"ಮುಂದಿಂದು ಇದೆ," ಎಂದ ಡಬ್ಬಿರಾಯ, ನೆಲ ನೋಡುತ್ತ. "ರಿಪೇರಿ ಮಾಡುವಾಗ ದೀಪ ಓರೆ ಹಿಡಿದ್ರೆ ನಿಬ್ಬಿನ ಗೀರು ಕಾಣ್ತಿತ್ತು. ತೆಳು ಕಾಗದ ಹೊದಿಸಿದ್ಮೇಲೆ ಕಾಣಲ್ಲ. ಓದಿ ಓದಿ ನನಗೆ ಬಾಯಿಪಾಠ ಆಗಿದೆ."

"ಬರೆದಿಡೋದಲ್ವೇನ್ರೀ!"

"ಬರೆಯೋದು ನಿನ್ನ ವಿಭಾಗ ಅಲ್ವೇನೇ!"

"ಹೇಳಪ್ಪಾ!" ಎಂದು ಅಜ್ಜಿ ಅವನ ಕೈ ಹಿಡಿದಳು. "ಬರೀ ಹೇಳಬೇಡ, ಹಾಡು. ರಾಗ ಇಲ್ಲದಿದ್ರೆ ಮಗು ಮಲಗುತ್ತಾ?"

ಜೀವಮಾನವೆಲ್ಲ ಓದುಗರಿಗೆ "ಶ್!" ಎಂದವನು ಅವನು. ಸ್ನಾನದ ಮನೆಯಲ್ಲೂ ಅವನು ಹಾಡಿದ್ದನ್ನು ಹೆಂಡತಿ ಕೇಳಿರಲಿಲ್ಲ. ಕಿವಿಯವರೆಗೂ ಕೆಂಪಾಗಿ, ಕಣ್ಣು ಮುಚ್ಚಿ, ಕಪ್ಪೆಗೂ ನಾಚಿಕೆಯಾಗುವ ದನಿ ತೆಗೆದ:

"ಗೊರಕೆ ಹೊಡೆವ ಮಾವ ಕದ್ದುಕೊಂಡು ಹೋದ,
ಕಿವಿಯ ಹಿಂಡಿ ಕೇಳಿದಾಗ ಅರ್ಧ ಮಾತ್ರ ತಂದ!"

ಪೇಪರ್ ಓದಲು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೂಚಿಯಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಮೊಮ್ಮಗಳು ನಗುತ್ತಲೇ ಫೋನು ತೆಗೆದು ರೆಕಾರ್ಡಿಗೆ ಹಿಡಿದಳು. ಕೂಸು ಮಾತ್ರ ನಗಲಿಲ್ಲ. ಅವನನ್ನೇ ನೋಡುತ್ತ ಬಾಯಿಗೆ ಹೆಬ್ಬೆರಳು ಇಟ್ಟುಕೊಂಡಿತು.

"ನಗಬೇಡಿ, ನಗಬೇಡಿ," ಎಂದಳು ಅಜ್ಜಿ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಅಗಲವಾಗಿ ನಗುತ್ತಿತ್ತು. "ನಮ್ಮಮ್ಮನೂ ಹೀಗೇ ಕಣಪ್ಪಾ, ಒಂದು ಸ್ವರಾನೂ ನೆಟ್ಟಗೆ ಹಾಡ್ತಿರಲಿಲ್ಲ. ಇದೇ ರಾಗ. ಇನ್ನೊಂದ್ಸಲ ಹಾಡು."