ಉಳಿಸಿಕೊಳ್ಳುವ ವಿಭಾಗಕ್ಕೆ ಅತ್ತೆಯ ಫೋನು

ನನ್ನ ಕೆಲಸ ಏನೆಂದು ಕೇಳಿದವರಿಗೆಲ್ಲ ನನ್ನ ಗಂಡ, "ಹೋಗ್ತೀನಿ ಅನ್ನೋರ ಕೈ ಹಿಡಿದು ಎಳೆಯೋದು" ಎಂದು ಹೇಳಿ ತಾನೇ ನಗುತ್ತಾನೆ. ಅವನ ಮಾತಿನಲ್ಲಿ ಸುಳ್ಳೇನಿಲ್ಲ. ನಾನಿರುವುದು ಒಂದು ಬ್ರಾಡ್‌ಬ್ಯಾಂಡ್ ಕಂಪನಿಯ ಉಳಿಸಿಕೊಳ್ಳುವ ವಿಭಾಗದಲ್ಲಿ. ನಿಮ್ಮ ಸಹವಾಸ ಸಾಕು, ಲೈನ್ ಕಿತ್ತುಹಾಕಿ ಎನ್ನುವವರ ಕರೆಗಳೆಲ್ಲ ನಮಗೇ ಬರುತ್ತವೆ. ಅವರನ್ನು ಮೂರು ಸಲ ತಡೆಯಬೇಕು. ಮೂರು ಸಲವೂ ಒಪ್ಪದಿದ್ದರೆ ಮಾತ್ರ ಬಿಡಬಹುದು. ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ, ಮೇಲ್ವಿಚಾರಕಿ ಒಂದೊಂದನ್ನೂ ಕೂತು ಕೇಳುತ್ತಾಳೆ. ಆಕೆಗೆ ನಾವಿಟ್ಟ ಹೆಸರು ಸೂಜಿ.

ಈ ಕೆಲಸವನ್ನು ನಾನು ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಅದೇ ಕಂಪನಿಯ ಲೈನಿನಲ್ಲಿ ಮಾಡುತ್ತೇನೆ. ಆ ಲೈನೋ, ದೇವರಿಗೇ ಪ್ರೀತಿ. ಕಂಬದಿಂದ ಬಂದ ಹಳೇ ತಾಮ್ರದ ತಂತಿ, ಗಾಳಿ ಬೀಸಿದರೆ ಸಾಕು ಕೈಕೊಡುತ್ತದೆ. ಗಿರಾಕಿ ಬಾಯಿಗೆ ಬಂದಂತೆ ಬೈಯುತ್ತಿರುವಾಗ ಕಟ್ ಆದರೆ ನನಗೂ ಬೇಜಾರಿಲ್ಲ. ಆದರೆ ಅದು ಗಟ್ಟಿಯಾಗಿ ನಿಲ್ಲುವುದೇ ಆಗ. ಅವರ ಮನಸ್ಸು ಕರಗಿ "ಸರಿ, ಇರ್ತೀನಿ ಬಿಡಮ್ಮ" ಎನ್ನುವ ಹೊತ್ತಿಗೆ ಸರಿಯಾಗಿ ಸಾಯುತ್ತದೆ.

ಹೋದ ವಾರ ಸೂಜಿ ಚುಚ್ಚಿದಳು. "ಯಾರ ಲೈನಾದ್ರೂ ಹಾಕಿಸ್ಕೊ, ನನ್ನದೇನೂ ಅಭ್ಯಂತರ ಇಲ್ಲ. ತಿಂಗಳೊಳಗೆ ಸರಿಹೋಗ್ಲಿಲ್ಲ ಅಂದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಬೇರೆ ಕಂಪನಿಯವರು ಆಗಲೇ ರಸ್ತೆ ಅಗೆದು ಫೈಬರ್ ತಂದು ನಮ್ಮ ಗೇಟಿನ ಬುಡದಲ್ಲಿ ಸುರುಳಿ ಸುತ್ತಿ ಬಿಟ್ಟುಹೋಗಿದ್ದರು. ಮನೆಯೊಳಗೆ ಎಳೆಯುವುದಷ್ಟೇ ಬಾಕಿ. ಆದರೆ ಹಳೇ ಲೈನ್ ಇರುವುದು ಅತ್ತೆಯ ಹೆಸರಿನಲ್ಲಿ. ಅದನ್ನು ತೆಗೆಸದೆ ಗೋಡೆಗೆ ಇನ್ನೊಂದು ತೂತು ಕೊರೆಯಲು ಅವರು ಬಿಡುವುದಿಲ್ಲ, ತೆಗೆಸಲೂ ಒಪ್ಪುವುದಿಲ್ಲ.

"ನಿನಗೆ ಸಂಬಳ ಕೊಡೋ ಕಂಪನೀನ ಬಿಟ್ಟು ಅವರ ಎದುರಾಳಿ ಹತ್ರ ಹೋಗೋದಾ? ನಾಳೆ ಅವರಿಗೆ ಹೇಗೆ ಮುಖ ತೋರಿಸ್ತೀಯ?"

"ಅತ್ತೆ, ಫೈಬರ್ ಅಂದ್ರೆ ಗಾಜಿನ ಎಳೆ. ಮನೆವರೆಗೂ ಅದೇ ಬರುತ್ತೆ, ಮಧ್ಯೆ ಎಲ್ಲೂ ತಾಮ್ರ ಇಲ್ಲ. ಕಟ್ ಆಗೋದೇ ಇಲ್ಲ."

"ಗಾಜಾ? ನೀನು ಪಾತ್ರೆ ತೊಳೆಯೋ ಸದ್ದು ಕೇಳಿದ್ರೆ ಅದು ಈ ಮನೇಲಿ ಬಾಳೋ ಹಾಗೆ ಕಾಣಲ್ಲ."

ನಾನು ಈ ಮನೆಗೆ ಬಂದಾಗಿನಿಂದ ಅತ್ತೆ ಒಮ್ಮೆಯೂ ನನ್ನನ್ನು ಬಾಯಿತುಂಬ ಹೊಗಳಿದ್ದಿಲ್ಲ. ಬೈದದ್ದೂ ಇಲ್ಲ, ಚುಚ್ಚುತ್ತಾರೆ ಅಷ್ಟೇ. ಆ ವಿದ್ಯೆಯಲ್ಲಿ ಸೂಜಿಗೇ ಪಾಠ ಹೇಳಬಲ್ಲವರು. ಹಾಗಾಗಿ ಕೆಲಸ ಹೋಗುವ ವಿಷಯ ಅವರ ಕಿವಿಗೆ ಬೀಳಬಾರದೆಂದು ಗಂಡನಿಗೆ ಸಾರಿ ಸಾರಿ ಹೇಳಿದ್ದೆ. ಅವನ ಬಾಯಲ್ಲಿ ಮಾತು ನಿಲ್ಲಬೇಕಲ್ಲ.

ಅತ್ತೆಯೊಂದಿಗೆ ಈ ಮಾತಾದ ಮರುದಿನ ಬೆಳಿಗ್ಗೆ ಮೊದಲ ಕರೆ ಬಂತು. ಎಂದಿನಂತೆ ಶುರು ಮಾಡಿದೆ: "ನಮಸ್ಕಾರ. ಈ ಕರೆ ರೆಕಾರ್ಡ್ ಆಗುತ್ತಿದೆ. ನಾನು ಹೇಗೆ ಸಹಾಯ ಮಾಡಲಿ?"

"ಲೈನ್ ತೆಗೆಸ್ಬೇಕಿತ್ತು ಮೇಡಂ."

ದನಿ ಮೊದಲು ಕೆಳಗಿನ ಕೋಣೆಯಿಂದ ಬಂತು, ಆಮೇಲೆ ಹೆಡ್‌ಫೋನಿನಿಂದ. ಅತ್ತೆ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಗಾಜಿನಾಚೆಯವರಿಗೆ ಕೂಗಿ ಹೇಳಿ ಪಳಗಿದ ಗಂಟಲು. ನಿಜ ಹೇಳಬೇಕೆಂದರೆ ಅವರಿಗೆ ಫೋನಿನ ಅಗತ್ಯವೇ ಇರಲಿಲ್ಲ.

ಕರೆಯನ್ನು ದಾಟಿಸೋಣವೆಂದರೆ ವಿಭಾಗದಲ್ಲಿ ಯಾರೂ ಬಿಡುವಾಗಿರಲಿಲ್ಲ. ಮನೆಯವರೆಂದು ತಡೆಯದೆ ಬಿಟ್ಟೆನೆಂದು ಸೂಜಿಗೆ ಗೊತ್ತಾದರೆ ಅವಳು ತಿಂಗಳವರೆಗೂ ಕಾಯುವುದಿಲ್ಲ. ಕೆಲಸದಲ್ಲಿ ನನ್ನ ದನಿಯೇ ಬೇರೆ, ಮನೆಯಲ್ಲಿ ಬೇರೆ. ಅತ್ತೆಗೆ ಗುರುತು ಸಿಕ್ಕಿಲ್ಲವೆಂದುಕೊಂಡು ಮುಂದುವರಿದೆ.

"ಇಷ್ಟು ವರ್ಷ ನಮ್ಮ ಜೊತೆ ಇದ್ದೀರಿ. ಒಂದು ಅವಕಾಶ ಕೊಡಿ, ತಂತ್ರಜ್ಞರನ್ನು ಉಚಿತವಾಗಿ ಕಳಿಸುತ್ತೇವೆ."

"ಬಂದಿದ್ರು. ಕಂಬ ನೋಡಿದ್ರು, ನಮ್ಮ ಮುಖ ನೋಡಿದ್ರು, ಟೀ ಕುಡಿದು ಹೋದ್ರು."

"ಇದೇ ದರದಲ್ಲಿ ವೇಗ ದುಪ್ಪಟ್ಟು ಮಾಡಿಕೊಡುತ್ತೇವೆ."

"ಇಲ್ಲದೇ ಇರೋದನ್ನ ದುಪ್ಪಟ್ಟು ಮಾಡಿದ್ರೆ ಎಷ್ಟಾಗುತ್ತೆ ಮೇಡಂ?"

ನಗು ಉಕ್ಕಿ ಬಂದು ತುಟಿ ಕಚ್ಚಿಕೊಂಡೆ. ಅಷ್ಟರಲ್ಲಿ ಅತ್ತೆ ದನಿ ತಗ್ಗಿಸಿದರು. ಅವರ ತಗ್ಗಿದ ದನಿ ಎಂದರೆ ಪಕ್ಕದ ಮನೆಗೆ ಮಾತ್ರ ಕೇಳುವಷ್ಟು.

"ನನ್ನ ಸೊಸೆ ನಿಮ್ಮ ಕಂಪನೀಲೇ ಇದ್ದಾಳೆ, ಇದೇ ಲೈನಲ್ಲಿ ಕೆಲಸ ಮಾಡ್ತಾಳೆ. ಕಟ್ ಆದಾಗೆಲ್ಲ ಕೆಳಗೆ ಬಂದು ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋತಾಳೆ. ತಟ್ಟೇಲಿ ಹಾಕಿದ್ದು ಹಾಗೇ ಇರುತ್ತೆ. ನಾನು ನೋಡೂ ನೋಡದ ಹಾಗೆ ಎತ್ತಿಡ್ತೀನಿ. ನಿಮ್ಮ ತಂತಿ ಸತ್ತರೆ ಅದು ಅವಳ ತಪ್ಪಾ? ಅವಳ ಕೆಲಸ ಯಾಕೆ—"

ಕಟ್.

ಪರದೆಯ ಮೇಲೆ ಚಕ್ರ ಸುತ್ತುತ್ತಿತ್ತು. ನಾನು ಉಂಡೆನೋ ಬಿಟ್ಟೆನೋ ಯಾರಿಗೂ ಗೊತ್ತಾಗುವುದಿಲ್ಲವೆಂದುಕೊಂಡಿದ್ದೆ.

ಕೆಳಗಿನಿಂದ ಕೂಗು ಬಂತು. "ಏಯ್, ನಿನ್ನ ಲೈನ್ ಹೋಯ್ತು ನೋಡೇ! ಬೇಗ ವಾಪಸ್ ಮಾಡು, ಇನ್ನೂ ಒಂದು ಸಲ ತಡೀಬೇಕಲ್ವಾ ನೀನು!"

ಹಾಗಾದರೆ ಅತ್ತೆಗೆ ಮೊದಲ ನಮಸ್ಕಾರಕ್ಕೇ ಗೊತ್ತಾಗಿತ್ತು. ಗೊತ್ತಿದ್ದೂ ಅಷ್ಟು ಹೊತ್ತು ಮೇಡಂ ಎಂದಿದ್ದರು. ಎನ್ನದೆ ಏನು, ಹಿಂದೊಮ್ಮೆ ಮಾವ ಮನೆಯ ಬೀಗದಕೈ ಕೇಳಲು ಕೌಂಟರಿಗೆ ಹೋದಾಗ "ಸಾಲಲ್ಲಿ ಬನ್ನಿ ಸ್ವಾಮಿ" ಎಂದು ಹಿಂದಕ್ಕೆ ಕಳಿಸಿದವರಲ್ಲವೇ ಅವರು.

ರೂಟರನ್ನು ಆರಿಸಿ ಮತ್ತೆ ಹಾಕಿ ಕರೆ ಮಾಡಿದೆ.

"ಕರೆ ಕಡಿತವಾದದ್ದಕ್ಕೆ ಕ್ಷಮಿಸಿ."

"ಪರವಾಗಿಲ್ಲ ಮೇಡಂ, ನಮಗೆ ಅಭ್ಯಾಸ ಆಗಿದೆ."

ಮೂರನೆಯ ಪ್ರಶ್ನೆ ಎಲ್ಲ ಗಿರಾಕಿಗಳಿಗೂ ಒಂದೇ. "ನೀವು ಉಳಿಯಬೇಕೆಂದರೆ ನಾವೇನು ಮಾಡಬೇಕು, ಹೇಳಿ." ನನ್ನ ಕೆಲಸದ ದನಿ ಅರ್ಧದಲ್ಲೇ ನಡುಗಿತು.

"ಇದೂ ರೆಕಾರ್ಡ್ ಆಗ್ತಿದೆ ತಾನೇ?"

"ಆಗುತ್ತಿದೆ."

"ನಿಮ್ಮ ಮೇಲಿನವರು ಕೇಳ್ತಾರೆ ತಾನೇ?"

"ಕೇಳುತ್ತಾರೆ."

"ಹಾಗಾದ್ರೆ ಅವರಿಗೇ ಹೇಳ್ತಿದ್ದೀನಿ. ನಾನಂತೂ ಉಳಿಯಲ್ಲ, ನಾಳೇನೇ ಫೈಬರ್ ಎಳೆಸ್ತೀನಿ. ಆದ್ರೆ ನನ್ನ ಸೊಸೇನ ನೀವು ಉಳಿಸ್ಕೊಳ್ಳಿ. ಜೀವಮಾನ ಎಲ್ಲ ಕೌಂಟರಲ್ಲಿ ಕೂತವಳು ನಾನು. ಬೈಯೋರ ಹತ್ರ ಇಷ್ಟು ತಾಳ್ಮೆಯಿಂದ ಮಾತಾಡೋರನ್ನ ಎಲ್ಲೂ ನೋಡಿಲ್ಲ, ನನ್ನ ಕೈಲೂ ಆಗಿರ್ಲಿಲ್ಲ. ದಿನಾ ಮೆಟ್ಟಿಲ ಮೇಲೆ ಕೂತು ಕೇಳಿಸ್ಕೋತೀನಿ."

ಲೈನ್ ನಿಲ್ಲಿಸುವ ಗುಂಡಿ ಪರದೆಯ ಮೇಲೆಲ್ಲೋ ಇತ್ತು. ಕಣ್ಣು ತುಂಬಿ ಅದು ಕಾಣುತ್ತಿರಲಿಲ್ಲ. ಬೇರೇನಾದರೂ ಸಹಾಯ ಬೇಕಿತ್ತೇ ಎಂದು ಕೇಳಿ, ಧನ್ಯವಾದ ಹೇಳಿ ಕರೆ ಮುಗಿಸಬೇಕೆನ್ನುವುದು ನಮ್ಮ ನಿಯಮ.

"ಆಯ್ತು ಅತ್ತೆ" ಎಂದುಬಿಟ್ಟೆ, ರೆಕಾರ್ಡಿನಲ್ಲೇ.